ದೇವರಿಗೆ ಏರಿದ ಹಿಂಗಾರ

ಭಾನುವಾರ ಬೆಳಿಗ್ಗೆ ಸೌಭಾಗ್ಯ ಸ್ಟೀಲ್ ಡಬ್ಬಿ, ಹಳೇ ಪೇಪರು, ಕತ್ತರಿ ಹಿಡಿದುಕೊಂಡು ತೋಟಕ್ಕೆ ಹೋದರೆ, ಗಂಡು ಖರ್ಜೂರದ ಗಿಡಗಳೆರಡೂ ಬೋಳಾಗಿದ್ದವು. ಗರಿ ಇದ್ದವು, ಮುಳ್ಳು ಇದ್ದವು. ಹೊಂಬಾಳೆ ಮಾತ್ರ ಒಂದೂ ಇರಲಿಲ್ಲ. ಶನಿವಾರ ಸಂಜೆ ಅವಳೇ ಮುಟ್ಟಿ ಮುಟ್ಟಿ ಎಣಿಸಿ ಹೋಗಿದ್ದಳು, ಏಳು. ನಾಲ್ಕು ಆಗಲೇ ಸಿಪ್ಪೆ ಬಿರಿದು ಒಳಗಿನ ಬಿಳಿ ಹೂ ತೋರಿಸುತ್ತಿದ್ದವು, ಮೂರು ಇವತ್ತೋ ನಾಳೆಯೋ ಅನ್ನುವಂತಿದ್ದವು. ಈಗ ಅಲ್ಲಿ ಏಳು ಹಸಿ ಮೋಟುಗಳಿದ್ದವು. ಕುಡುಗೋಲಿನಿಂದ ಒಂದೇ ಏಟಿಗೆ ಕೊಯ್ದದ್ದು, ಕೈ ಪಳಗಿದವರ ಕೆಲಸ.

"ಯಾವ ಹಾಳಾದವ್ರಪಾ ಇದನ್ನ ಮಾಡಿದವ್ರು!" ಎಂದು ಅವಳು ಡಬ್ಬಿಯನ್ನು ನೆಲಕ್ಕೆ ಕುಕ್ಕಿದಳು.

ಹೋಗಿದ್ದು ಏಳು ಹೂಗೊಂಚಲು ತಾನೇ, ಅದಕ್ಕೇಕೆ ಇಷ್ಟು ಎಗರಾಟ ಎಂದು ಕೇಳುವವರಿಗೆ ಖರ್ಜೂರದ ಗಿಡ ಗೊತ್ತಿಲ್ಲ ಎಂದೇ ಅರ್ಥ. ಅದರಲ್ಲಿ ಗಂಡು ಗಿಡವೇ ಬೇರೆ, ಹೆಣ್ಣು ಗಿಡವೇ ಬೇರೆ. ಗಂಡಿನ ಹೂವಿನಲ್ಲಿ ಹಿಟ್ಟಿನಂಥ ಪುಡಿ ಇರುತ್ತದೆ, ಆ ಪುಡಿ ಹೆಣ್ಣು ಹೂವಿನ ಮೇಲೆ ಬೀಳಬೇಕು. ಗಾಳಿ ತಾನೇ ತಂದು ಬೀಳಿಸುತ್ತದೆ ಎಂದು ಕೂತರೆ ಹತ್ತರಲ್ಲಿ ಒಂದು ಕಾಯಿ ನಿಂತರೆ ಪುಣ್ಯ. ಆದ್ದರಿಂದ ಮನುಷ್ಯರೇ ಗಂಡು ಹೂವಿನ ಎಳೆ ಬಿಡಿಸಿ, ಹೆಣ್ಣು ಗೊಂಚಲಿನ ನಡುವೆ ತಲೆಕೆಳಗಾಗಿ ಸಿಕ್ಕಿಸಿ, ದಾರ ಕಟ್ಟಬೇಕು. ಅದೂ ಹೆಣ್ಣು ಹೊಂಬಾಳೆ ಬಿರಿದ ಮೂರು ನಾಲ್ಕು ದಿನದೊಳಗೆ. ತಡವಾದರೆ ಆ ವರ್ಷದ ಕತೆ ಮುಗಿಯಿತು. ಸೌಭಾಗ್ಯಳ ತೋಟದಲ್ಲಿದ್ದದ್ದು ನಲವತ್ತು ಹೆಣ್ಣು, ಎರಡು ಗಂಡು. ನಲವತ್ತರಲ್ಲಿ ಮೂವತ್ತೊಂದು ಗಿಡ ಈ ಸಲ ಹೊಂಬಾಳೆ ಬಿಟ್ಟಿದ್ದವು, ಹೆಚ್ಚಿನವು ನಿನ್ನೆಯಿಂದ ಬಿರಿಯತೊಡಗಿದ್ದವು.

ಈ ವರ್ಷವೇ ಕೊನೆಯದು ಎಂದು ಅವಳ ಗಂಡ ಭೀಮರಾಜ ಹೇಳಿಯೂ ಆಗಿತ್ತು. ಹೊಸಹಳ್ಳಿ ಹೋಬಳಿಯ ಆ ಊರಿನಲ್ಲಿ ಶೇಂಗಾ ಗೊತ್ತು, ಮೆಕ್ಕೆಜೋಳ ಗೊತ್ತು, ಕುರಿ ಗೊತ್ತು. ಖರ್ಜೂರ ರಂಜಾನ್ ತಿಂಗಳಲ್ಲಿ ಕೂಡ್ಲಿಗಿ ಬಜಾರಿನಲ್ಲಿ ಸಿಗುವ ವಸ್ತು. ಐದು ವರ್ಷದ ಹಿಂದೆ ಸೌಭಾಗ್ಯ ತವರಿನವರು ಕೊಟ್ಟ ಹದಿನೆಂಟು ಕುರಿ ಮಾರಿ ಈ ಸಸಿ ತಂದಾಗಿನಿಂದ ಚಹಾದಂಗಡಿಯಲ್ಲಿ ಭೀಮರಾಜನಿಗೆ ಬಿಡುಗಡೆ ಇರಲಿಲ್ಲ. "ಏನ್ಲೇ ಭೀಮರಾಜ, ಒಂಟಿ ಯಾವಾಗ ತರ್ತೀಪಾ?" ಎಂದು ಒಬ್ಬ ಕೇಳಿದರೆ, "ಮರಳು ತರಿಸ್ಯಾನಂತ, ಒಂಟಿ ಹಿಂದ ಬರ್ತೈತಂತ" ಎಂದು ಇನ್ನೊಬ್ಬ. ಹೋದ ವರ್ಷ ಹೆಣ್ಣು ಗಿಡ ಹತ್ತು ಹೂ ಬಿಟ್ಟವು, ಗಂಡು ಬಿಡಲಿಲ್ಲ, ಎಲ್ಲ ಉದುರಿ ಹೋಯಿತು. ಅಂದೇ ಅವನು ಹೇಳಿದ್ದ: "ಬರೂ ಯುಗಾದಿ ತನಕ ನೋಡ್ತೀನಿ. ಕಾಯಿ ನಿಂತ್ರ ನಿಂತ್ವು, ಇಲ್ಲಂದ್ರ ಹಬ್ಬದ ಮರುದಿನ ಜೆಸಿಬಿ ತರಸಿ ಬುಡಸಮೇತ ಕಿತ್ತಸ್ತೀನಿ. ಮೆಕ್ಕಿಜ್ವಾಳ ಹಾಕ್ತೀನಿ. ಆಮ್ಯಾಲ ನನ್ನ ಏನೂ ಅನಬ್ಯಾಡ." ಭೀಮರಾಜ ಕೆಟ್ಟವನೇನಲ್ಲ. ನಗೆಪಾಟಲಾಗುವುದನ್ನು ತಡೆಯಲಾರದವನು, ಅಷ್ಟೇ.

ಮೋಟು ನೋಡುತ್ತ ಸೌಭಾಗ್ಯ ನಿಂತಿದ್ದಾಗ ಅತ್ತೆ ಗಿಡ್ಡಮ್ಮ ಊರ ಕಡೆಯಿಂದ ಬಂದಳು. ತಲೆಯ ಮೇಲೆ ಖಾಲಿ ಬುಟ್ಟಿ, ಹಣೆಯ ತುಂಬ ಭಂಡಾರ, ಮುಖದಲ್ಲಿ ಹಬ್ಬದ ಕಳೆ.

"ನೋಡಿದೇನ ಸೌಭಾಗ್ಯಾ, ನಿನ್ನ ಗಿಡ ಹಿಂಗಾರ ಬಿಟ್ಟಿದ್ವು! ಮುಂಜಾನಿ ಎದ್ದು ನೋಡತೀನಿ, ಹೆಂಗ ಬಿರದಾವ ಅಂತಿ, ಬೆಳ್ಳಗ, ಘಮ್ ಅಂತ. ಏಳಕ್ಕ ಏಳೂ ಕೊಯ್ದು ಮೈಲಾರಲಿಂಗಗ ಏರಿಸಿ ಬಂದೆ. ಗುಡಿಯಾಗ ಎಲ್ರೂ ನಮ್ಮ ಮಾರೀನ ನೋಡಾಕ ಹತ್ತಿದ್ರು!"

ಹಿಂಗಾರವೆಂದರೆ ಅಡಿಕೆಯ ಹೂಗೊಂಚಲು. ಈ ಒಣ ಸೀಮೆಯಲ್ಲಿ ಅಡಿಕೆ ಎಲ್ಲಿಂದ ಬರಬೇಕು. ದೊಡ್ಡ ಪೂಜೆ ಇದ್ದರೆ ಹೊಸಪೇಟೆಯಿಂದಲೋ ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಹೂವಿನವರಿಂದಲೋ ಒಂದು ಗೊಂಚಲು ತರಿಸಿ, ಅದನ್ನು ಇಡೀ ಕೇರಿ ಮುಟ್ಟಿ ಮುಟ್ಟಿ ನೋಡುತ್ತಿತ್ತು. ಗಂಡು ಖರ್ಜೂರದ ಹೂವೂ ಅದೇ ಬಿಳುಪು, ಅದೇ ಎಳೆ ಎಳೆ. ಅರವತ್ತಾರು ವರ್ಷ ಬೇರೆಯವರ ಹಿಂಗಾರ ನೋಡಿ ಬಂದ ಮುದುಕಿಗೆ ತನ್ನ ಹೊಲದಲ್ಲೇ ಏಳು ಗೊಂಚಲು ಕಂಡರೆ ಕೈ ತಡೆದೀತೇ? ಈ ತಪ್ಪನ್ನು ಬೇರೆ ಯಾರೂ ಮಾಡುತ್ತಿರಲಿಲ್ಲ. ಕಳ್ಳನಾಗಿದ್ದರೆ ಬೈಯಬಹುದಿತ್ತು, ಆಡಾಗಿದ್ದರೆ ಅಟ್ಟಬಹುದಿತ್ತು. ದೇವರಿಗೆ ಕೊಟ್ಟವಳನ್ನು ಏನು ಮಾಡುವುದು?

"ಅತ್ತಿ, ಅದು ಹಿಂಗಾರಲ್ಲ! ಅದು ಗಂಡು ಹೂವು! ಅದಿಲ್ಲಂದ್ರ ಒಂದ ಕಾಯಿ ನಿಂದ್ರಂಗಿಲ್ಲ!"

"ಗಂಡು ಗಿಡ ಎಲ್ಲೆರ ಫಲ ಕೊಡತೈತೇನ? ಗಂಡು ಪಪ್ಪಾಯಿ ಕಡದು ಹಾಕಂಗಿಲ್ಲೇನ ನಾವು? ಕೊಡಂಗಿಲ್ಲದ್ದು ದೇವ್ರ ತಲಿ ಮ್ಯಾಲರ ಕುಂತಿತು" ಎಂದಳು ಗಿಡ್ಡಮ್ಮ, ಸ್ವಲ್ಪವೂ ಅಳುಕಿಲ್ಲದೆ.

ಕೋಣನ ಮುಂದೆ ಕಿನ್ನರಿ ಬಾರಿಸುವುದಕ್ಕೆ ಪುರುಸೊತ್ತಿಲ್ಲ ಎಂದುಕೊಂಡು ಸೌಭಾಗ್ಯ ಗುಡಿಗೆ ಓಡಿದಳು. ಒಂದು ಗೊಂಚಲಾದರೂ ನೀರು ತಾಗದೆ ಉಳಿದಿದ್ದರೆ ಸಾಕು, ಹೇಗೋ ಮಾಡಬಹುದು. ಆದರೆ ಗರ್ಭಗುಡಿಯ ಬಾಗಿಲಲ್ಲಿ ನಿಂತು ನೋಡಿದರೆ, ಪೂಜಾರಿ ಬೊಮ್ಮಪ್ಪ ಏಳೂ ಗೊಂಚಲಿಗೆ ಕೊಡದ ನೀರು ಚಿಮುಕಿಸಿ, ಮೇಲೆ ಹಿಡಿಗಟ್ಟಲೆ ಭಂಡಾರ ಎರಚಿ, ಲಿಂಗದ ಸುತ್ತ ಚೆಂದವಾಗಿ ಜೋಡಿಸಿದ್ದ. ಬಿಳಿ ಹೂವೆಲ್ಲ ಅರಿಸಿನದ ಕೆಸರಾಗಿತ್ತು. ನೀರು ಬಿದ್ದ ಪುಡಿ ಯಾವ ಕೆಲಸಕ್ಕೂ ಬಾರದು.

"ಬೊಮ್ಮಪ್ಪಜ್ಜ, ನೀರು ಬೀಳದಿದ್ದ ಗೊಂಚಲು ಒಂದೂ ಇಲ್ಲೇನ್ರಿ? ಒಂದ ಒಂದು?"

"ನೀರು ಚಿಮುಕಸದ ಹೆಂಗ ಏರಿಸ್ಬೇಕವಾ? ಮಡಿ ಬ್ಯಾಡಾ? ತಗೋ, ನಿಮ್ಮನಿ ಹೂವಿನ ಪ್ರಸಾದ ನಿಮಗ ಮೊದಲು" ಎಂದು ಬೊಮ್ಮಪ್ಪ ಒದ್ದೆ ಎಳೆಯೊಂದನ್ನು ಮುರಿದು ಅವಳ ಕೈಗಿಟ್ಟ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರೆ. ಈ ಪುಣ್ಯಾತ್ಮ ಕೊಟ್ಟೇ ಹಾಳು ಮಾಡಿದ್ದ. ಸೌಭಾಗ್ಯ ಎಳೆಯನ್ನು ಕಣ್ಣಿಗೊತ್ತಿಕೊಂಡಳು, ಬೇರೆ ದಾರಿ ಇರಲಿಲ್ಲ. ಗುಡಿ ದಾಟಿ ಬಂದ ಮೇಲೆ ಬೇವಿನ ಗಿಡದ ಹಿಂದೆ ನಿಂತು ಹಲ್ಲು ಕಚ್ಚಿ ಅತ್ತಳು.

ಮನೆಗೆ ಬಂದು ಸಸಿ ಕೊಟ್ಟ ನರ್ಸರಿಯವನಿಗೆ ಫೋನ್ ಹಚ್ಚಿದಳು. ಪುಡಿ ಸಿಗುತ್ತದೆ ಮೇಡಂ, ಗುಜರಾತಿನಿಂದ ಕೊರಿಯರ್ ಬರಬೇಕು, ಎಂಟು ದಿನ ಎಂದ. "ಹೂವು ಎಂಟು ದಿನ ಕಾಯಂಗಿಲ್ಲರಿ" ಎಂದರೆ, "ಹೋದ ವರ್ಷದ್ದು ಫ್ರಿಜ್ಜಿನಾಗ ಇಟ್ಕೊಬೇಕಿತ್ತು ಮೇಡಂ" ಎಂದು ಬುದ್ಧಿ ಹೇಳಿದ. ಹೋದ ವರ್ಷ ಗಂಡು ಹೂವೇ ಬಿಟ್ಟಿಲ್ಲ ಎಂದು ಹೇಳುವಷ್ಟರಲ್ಲಿ ಅವನು ಇನ್ಯಾರಿಗೋ ಹಲೋ ಅನ್ನುತ್ತಿದ್ದ.

ಭೀಮರಾಜ ಊಟಕ್ಕೆ ಕೂತಿದ್ದವನು ಎಲ್ಲ ಕೇಳಿಸಿಕೊಂಡು, ರೊಟ್ಟಿ ಮುರಿಯುತ್ತಲೇ ಹೇಳಿದ: "ಬಿಡು ಅತ್ಲಾಗ. ದೇವ್ರೇ ಬ್ಯಾಡ ಅಂದಂಗಾತು. ಜೆಸಿಬಿಯವಗ ಹೇಳೇ ಬಿಡ್ತೀನಿ."

"ದೇವ್ರು ಅನಲಿಲ್ರೀ, ನಿಮ್ಮವ್ವ ಅಂದ್ರು!"

"ನಮ್ಮವ್ವನ ಸುದ್ದಿ ಯಾಕ ತಗೀತಿ? ಮುದುಕಿ ಭಕ್ತಿಯಿಂದ ಮಾಡ್ಯಾಳ."

ಭಕ್ತಿಯಿಂದ ಮಾಡಿದರೆ ಮುಗಿಯಿತಲ್ಲ. ಮೂರು ದಿನದಲ್ಲಿ ಒಂದು ಹೋಗಿತ್ತು.

ಸೋಮವಾರ ಬೆಳಿಗ್ಗೆ ಮೊದಲನೆಯ ಬಸ್ಸಿಗೆ ಹತ್ತಿ ಕೂಡ್ಲಿಗಿಗೆ, ಅಲ್ಲಿಂದ ಕೊಟ್ಟೂರಿಗೆ, ಅಲ್ಲಿಂದ ಹರಪನಹಳ್ಳಿ ದಾರಿಯ ಒಂದು ಊರಿಗೆ ಹೋದಳು. ಅಲ್ಲಿ ಹನುಮಣ್ಣ ಎಂಬುವವರು ಎರಡೆಕರೆ ಖರ್ಜೂರ ಹಾಕಿದ್ದಾರೆಂದು, ಸಸಿ ತಂದ ವರ್ಷ ಹೋಗಿದ್ದ ತೋಟಗಾರಿಕೆ ಇಲಾಖೆಯ ತರಬೇತಿಯಲ್ಲಿ ಕೇಳಿದ್ದಳು. ಫೋನು ಎತ್ತುವ ಮನುಷ್ಯನಲ್ಲ. ರಸ್ತೆಯಿಂದ ಎರಡು ಮೈಲಿ ಬಿಸಿಲಲ್ಲಿ ನಡೆದು ಹೋದರೆ, ಅವರ ಹೆಣ್ಣು ಗಿಡದ ಗೊಂಚಲಿಗೆಲ್ಲ ಆಗಲೇ ದಾರ ಕಟ್ಟಿತ್ತು.

"ಅಯ್ಯೋ ತಂಗಿ, ಹೋದ ಸೋಮವಾರನೇ ಮುಗೀತಲ್ಲಮ್ಮ! ನಮ್ದು ಎರೆ ಹೊಲ, ಸ್ವಲ್ಪ ಮುಂಚೇನೇ ಬಿಡ್ತಾವೆ. ಉಳಿದಿದ್ದನ್ನ ಹಡಗಲಿಯೋರು ಒಬ್ರು ಇಸ್ಕೊಂಡು ಹೋದ್ರು ನೋಡು" ಎಂದರು ಹನುಮಣ್ಣ. ಒಳ್ಳೆಯ ಮನುಷ್ಯ, ನೀರು ಕೊಟ್ಟು, ಮಜ್ಜಿಗೆ ಕೊಟ್ಟು, ತಾವೇ ಹಡಗಲಿಗೆ ಫೋನು ಮಾಡಿದರು. ಹಡಗಲಿಯವನು ಎಲ್ಲ ಕಟ್ಟಿ ಮುಗಿಸಿದ್ದ. ಹಗರಿಬೊಮ್ಮನಹಳ್ಳಿ ಹತ್ತಿರ ಇನ್ನೊಬ್ಬರಿದ್ದಾರೆ ಎಂದು ಅಲ್ಲಿಗೂ ಮಾಡಿದರು. ಅವರ ಗಂಡು ಗಿಡಕ್ಕೆ ಹುಳ ಬಿದ್ದು ಹೋದ ಮಳೆಗಾಲದಲ್ಲೇ ಸತ್ತಿತ್ತಂತೆ. ಹನುಮಣ್ಣ ಫೋನು ಜೇಬಿಗಿಟ್ಟು, "ಮುಂದಿನ ವರ್ಷ ಮಾಡಿಯಂತೆ ತಗಾ, ಗಿಡ ಎಲ್ಲಿಗೂ ಓಡಿ ಹೋಗಲ್ಲ" ಎಂದು ಸಮಾಧಾನ ಹೇಳಿದರು.

ಓಡಿ ಹೋಗುವುದಿಲ್ಲ, ಜೆಸಿಬಿ ಹೊತ್ತುಕೊಂಡು ಹೋಗುತ್ತದೆ ಎಂದು ಆ ಒಳ್ಳೆಯ ಮನುಷ್ಯನ ಎದುರು ಹೇಳಲು ಅವಳಿಗೆ ನಾಚಿಕೆಯಾಯಿತು.

ಕೊಟ್ಟೂರು ಬಸ್‌ಸ್ಟ್ಯಾಂಡಿನಲ್ಲಿ ಮುಕ್ಕಾಲು ತಾಸು ಕಾದ ಮೇಲೆ ಕೂಡ್ಲಿಗಿ ಬಸ್ಸು ಬಂತು. ಕಿಟಕಿ ಪಕ್ಕ ಕೂತು ಸೌಭಾಗ್ಯ ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ಬೈದುಕೊಳ್ಳುತ್ತಿದ್ದಳು, ಮನಸ್ಸಿನಲ್ಲಿ. ಅತ್ತೆಯನ್ನು, ಗಂಡನನ್ನು, ಬೊಮ್ಮಪ್ಪನನ್ನು, ನರ್ಸರಿಯವನನ್ನು, ಶನಿವಾರವೇ ಕೊಯ್ದಿಟ್ಟುಕೊಳ್ಳದ ತನ್ನನ್ನು. ಅಷ್ಟರಲ್ಲಿ ಅರವತ್ತರ ಹತ್ತಿರದ ಹೆಂಗಸೊಬ್ಬಳು ಈಚಲ ಗರಿಯ ಪೊರಕೆಗಳ ದೊಡ್ಡ ಕಟ್ಟು ಹೊತ್ತು ಬಂದು ಪಕ್ಕದಲ್ಲಿ ಕೂತಳು. ಕಟ್ಟಿನ ತುದಿ ಸೌಭಾಗ್ಯಳ ಕೆನ್ನೆಗೆ ತಿವಿಯಿತು.

"ಯವ್ವಾ, ಕಣ್ಣು ಕಿತ್ತೀ! ಮ್ಯಾಲ ಇಡಬೇ ನಿನ್ನ ಬಾರಿಗಿ!"

"ಮ್ಯಾಲ ಇಟ್ರ ಕಂಡಕ್ಟರ್ ಬೈತಾನ, ಕೆಳಗ ಇಟ್ರ ನೀ ಬೈತಿ. ಎಲ್ಲಿಡ್ಲಿ, ನನ್ನ ತಲಿ ಮ್ಯಾಲ?" ಎಂದು ಆಕೆ ಕಟ್ಟನ್ನು ಎಳೆದುಕೊಂಡಳು. ಎಳೆದ ರಭಸಕ್ಕೆ ಅದರೊಳಗಿಂದ ಒಂದು ಬೂದಿಯಂಥ ಪುಡಿ ಎದ್ದಿತು. ಸೌಭಾಗ್ಯ ಸೀನಿದಳು. ಒಂದಲ್ಲ, ನಾಲ್ಕು.

"ಇದೇನಬೇ ಇದು, ಗಿರಣಿಯಿಂದ ಬಂದೀಯೇನ? ಮೈ ಎಲ್ಲ ಹಿಟ್ಟು!"

"ಹಿಟ್ಟs ಅದು. ಗಂಡೀಚಲ ಹಿಟ್ಟು. ಈ ತಿಂಗಳ ಗರಿ ಕೊಯ್ಯಾಕ ಹೋದ್ರ ಇದೊಂದು ಕಾಟ, ಸೆರಗು ಎಷ್ಟು ಝಾಡಿಸಿದ್ರೂ ಹೋಗಂಗಿಲ್ಲ."

ಸೌಭಾಗ್ಯ ಸೀನುವುದನ್ನು ಮರೆತಳು. ಈಚಲು! ಹಳ್ಳದ ದಂಡೆಯಲ್ಲಿ, ಬದುವಿನಲ್ಲಿ, ಹುಟ್ಟಿದಾಗಿನಿಂದ ಕಣ್ಣಿಗೆ ಬಿದ್ದೂ ಬೀಳದ ಮುಳ್ಳಿನ ಗಿಡ. ಖರ್ಜೂರದ ಕಾಡು ದಾಯಾದಿ. ತರಬೇತಿಯಲ್ಲಿ ಯಾರೋ ಒಂದು ಮಾತು ಹೇಳಿದ್ದರು, ಈಚಲ ಪುಡಿಯೂ ಖರ್ಜೂರಕ್ಕೆ ಆಗುತ್ತದೆ ಎಂದು. ಎರಡು ಗಂಡು ಗಿಡ ಕೊಂಡಿದ್ದೇನಲ್ಲ ಎಂದು ಅವಳು ಅದನ್ನು ಬರೆದುಕೊಂಡೂ ಇರಲಿಲ್ಲ.

"ಯಕ್ಕಾ, ನಿಮ್ಮ ಹೆಸರೇನ್ರಿ?" ಎಂದು ಕೇಳಿದ ದನಿ ಅವಳದೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ, ಅಷ್ಟು ಮೆತ್ತಗಿತ್ತು.

"ಈಗ ಯಕ್ಕಾ ಆದ್ನೇನ? ಹಂಪಕ್ಕ ಅಂತ."

ಸೌಭಾಗ್ಯ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಹಂಪಕ್ಕ ಎಲೆ ಅಡಿಕೆ ಅಗಿಯುತ್ತ ಕೇಳಿ, ಹಿಂಗಾರದ ಮಾತು ಬಂದಾಗ ಬಸ್ಸೆಲ್ಲ ತಿರುಗಿ ನೋಡುವಂತೆ ನಕ್ಕಳು. ಆಮೇಲೆ ನಗು ನಿಲ್ಲಿಸಿ ಅಂದಳು: "ಗಂಡು ಗಿಡ ಅದಾವ, ತೋರಸ್ತೀನಿ. ಆದ್ರ ಒಂದು ಮಾತು ಕೇಳು. ನಮ್ಮ ಹಳ್ಳದಾಗ ಮೊದಲು ಹಗಲೊತ್ತಿನ್ಯಾಗ ಕತ್ತಲಿ ಆಗೂವಷ್ಟು ಈಚಲಿತ್ತು. ಗರೀಲೆ ಬಾರಿಗಿ, ಚಾಪಿ, ಬುಟ್ಟಿ. ಬೊಡ್ಡೀಲೆ ಗುಡಿಸಲ ಕಂಬ. ಹಣ್ಣು ಹುಡುಗ್ರು ತಿಂತಿದ್ವು. ನೀವು ಹೊಲದವ್ರು, ಹೆಂಡದ ಗಿಡ ಅಂತ ಕಡದ್ರಿ, ಬದುವಿಗೆ ಅಡ್ಡ ಅಂತ ಕಡದ್ರಿ. ಗಂಡು ಗಿಡ ಗೊಡ್ಡು ಅಂತ ಅದನ್ನ ಮೊದಲು ಕಡದ್ರಿ. ಈಗ ಗಂಡು ಬೇಕು ಅಂತ ಬಂದೀರಿ."

ಡ್ರಿಪ್ ಪೈಪು ಎಳೆಯುವಾಗ ಹಳ್ಳದ ಕಡೆಯ ಹನ್ನೊಂದು ಈಚಲು ಕೀಳಿಸಿದ್ದು ಭೀಮರಾಜನಲ್ಲ, ಸೌಭಾಗ್ಯಳೇ. ಅದನ್ನು ಹಂಪಕ್ಕನಿಗೆ ಹೇಳಲಿಲ್ಲ.

ಕೂಡ್ಲಿಗಿ ಇನ್ನೂ ಮೂರು ಮೈಲಿ ಇರುವಾಗಲೇ ಇಬ್ಬರೂ ಇಳಿದರು. ಹಳ್ಳದಲ್ಲಿ ನೀರಿರಲಿಲ್ಲ, ಮರಳೂ ಹೆಚ್ಚು ಉಳಿದಿರಲಿಲ್ಲ. ದಂಡೆಯ ಮೇಲೆ ಮೂವತ್ತು ಮೂವತ್ತೈದು ಈಚಲು ಇದ್ದವು. ದೂರದಿಂದಲೇ ಹಂಪಕ್ಕ ಬೆರಳು ಮಾಡುತ್ತ ಹೋದಳು, ಅದು ಹೆಣ್ಣು, ಅದು ಹೆಣ್ಣು, ಅದು ಎಳೇದು, ಅಗೋ ಅದು ಗಂಡು. ಹೂ ಬಿಡದ ಗಿಡವನ್ನೂ ಹೇಳುತ್ತಿದ್ದಳು. ಹೇಗೆ ಎಂದು ಕೇಳಿದರೆ, "ನಲವತ್ತು ವರ್ಷ ಗರಿ ಕೊಯ್ದೀನಿ, ಯಾವ ಗಿಡ ಯಾವ ವರ್ಷ ಏನು ಬಿಟ್ಟೈತಿ ಅಂತ ನನಗ ಗೊತ್ತಿರಂಗಿಲ್ಲೇನ? ನಿನ್ನ ಕುರಿ ನಿನಗ ಗೊತ್ತಿರಂಗಿಲ್ಲೇನ?" ಎಂದಳು. ಗಂಡು ಒಟ್ಟು ನಾಲ್ಕೇ ಇದ್ದವು. ಅದರಲ್ಲಿ ಎರಡು ಉದುರಿಸಿ ಮುಗಿಸಿದ್ದವು. ಉಳಿದೆರಡರಲ್ಲಿ ಸಿಪ್ಪೆ ಆಗತಾನೇ ಬಿರಿಯುತ್ತಿದ್ದ ಹೊಂಬಾಳೆ ಆರು ಸಿಕ್ಕವು.

ಈಚಲ ಗರಿಯ ಬುಡದಲ್ಲಿ ಮುಳ್ಳು ಬೆರಳುದ್ದ, ದಬ್ಬಣದಷ್ಟು ಗಟ್ಟಿ. ಹಂಪಕ್ಕ ಅವಳನ್ನು ಗಿಡ ಹತ್ತಿಸಿ, ಕುಡುಗೋಲು ಕೊಟ್ಟು, "ನಡುವಿನ ಸುಳಿ ಮುಟ್ಟಬ್ಯಾಡ. ಈಚಲಿಗೆ ಇರೂದು ಒಂದs ಜೀವ, ಸುಳಿ ಹೋತಂದ್ರ ಗಿಡ ಹೋತು. ಹೊಂಬಾಳೀನ ತಾಯಿ ಕೈಯಾಗಿನ ಕೂಸು ಇಸಗೊಂಡಂಗ ಇಸಗೊ, ಝಾಡಿಸಿದ್ರ ಹಿಟ್ಟೆಲ್ಲಾ ಗಾಳಿಪಾಲು" ಎಂದು ಕೆಳಗಿನಿಂದ ಹೇಳುತ್ತಿದ್ದಳು. ಸೌಭಾಗ್ಯ ತೋಳು ಒಳಗೆ ತೂರಿಸಿದಾಗೆಲ್ಲ ಮುಳ್ಳು ಕೀರಿತು, ಅಂಗೈಯಲ್ಲಿ ನಾಲ್ಕು ಮುರಿದು ಉಳಿದವು. ಅವಳು ಹಾಳಾದ್ದು, ಸುಡುಗಾಡು, ನಿನ್ನ ಹೆಣಾ ಎತ್ತ ಎಂದು ಬೈಯುತ್ತಲೇ ಆರನ್ನೂ ಇಳಿಸಿ, ಪೇಪರಿನಲ್ಲಿ ಸುತ್ತಿ, ಮಡಿಲಿನಲ್ಲಿ ಇಟ್ಟುಕೊಂಡು ಊರಿಗೆ ಬಂದಳು.

ಸಂಜೆ ಗಿಡ್ಡಮ್ಮ ದೀಪ ಹಚ್ಚಿ, ಸೊಸೆಯ ಕೈ ನೋಡಿ, ಏನೂ ಕೇಳದೆ ಸೂಜಿ ತಂದು ಕೂತಳು. ಮುಳ್ಳು ಕೀಳುತ್ತ ಕೀಳುತ್ತ ಮಾತು ಬಂತು. ಗಂಡು ಹೂ ಏಕೆ ಬೇಕು, ಈಚಲು ಏಕೆ ತಂದೆ ಎಂದು ಸೌಭಾಗ್ಯ ಈ ಸಲ ನಿಧಾನಕ್ಕೆ ಹೇಳಿದಳು. ಗಿಡ್ಡಮ್ಮ ಕೇಳಿದಳು. ತಪ್ಪಾಯಿತು ಅನ್ನಲಿಲ್ಲ. "ದೇವ್ರಿಗೆ ಕೊಟ್ಟಿದ್ದು ಕೊಟ್ಟಂಗ" ಎಂದು ಕೊನೆಯ ಮುಳ್ಳನ್ನು ಕಿತ್ತು, ಅರಿಸಿನ ಒತ್ತಿ, ಎದ್ದು ಹೋದಳು. ಸೌಭಾಗ್ಯಳಿಗೆ ಮುಳ್ಳಿಗಿಂತ ಆ ಮಾತು ಹೆಚ್ಚು ನೋಯಿಸಿತು.

ಮಂಗಳವಾರ ಹೊತ್ತು ಏರುವ ಮೊದಲು ಶುರು ಮಾಡಿದಳು. ಸ್ಟೂಲು ಹಾಕಿಕೊಂಡು, ಒಂದೊಂದು ಹೆಣ್ಣು ಗೊಂಚಲಿನ ಎಳೆ ಬಿಡಿಸಿ, ನಡುವೆ ಈಚಲ ಹೂವಿನ ನಾಲ್ಕು ನಾಲ್ಕು ಎಳೆ ತಲೆಕೆಳಗಾಗಿ ಸಿಕ್ಕಿಸಿ, ಬೆರಳಿನಿಂದ ತಟ್ಟಿ, ದಾರ ಕಟ್ಟುತ್ತ ಹೋದಳು. ಮೂವತ್ತೊಂದು ಗಿಡ, ಎಪ್ಪತ್ತರ ಮೇಲೆ ಗೊಂಚಲು. ಭೀಮರಾಜ ಬದುವಿನ ಮೇಲೆ ನಿಂತು ಸ್ವಲ್ಪ ಹೊತ್ತು ನೋಡಿ, "ಈಚಲಿಗೂ ಖರ್ಜೂರಕ್ಕೂ ಸಂಬಂಧ ಕುದುರಸಾಕತ್ತೀ? ಜಾತಕ ಕೂಡಿ ಬಂದ್ವೇನ?" ಎಂದು ನಕ್ಕು ಹೋದ. ಅವಳು ತಿರುಗಿ ನೋಡಲಿಲ್ಲ. ಸಂಜೆ ಕೆಳಗಿಳಿದಾಗ ಕುತ್ತಿಗೆ ತಿರುಗುತ್ತಿರಲಿಲ್ಲ.

ಮುಂದಿನ ದಿನಗಳು ಇನ್ನೂ ಕೆಟ್ಟವು. ಹೆಣ್ಣು ಹೂವೊಂದರಲ್ಲಿ ಮೂರು ಪುಟ್ಟ ಕಾಯಿಗಣ್ಣು ಇರುತ್ತವೆ. ಪುಡಿ ಹತ್ತಿದ್ದರೆ ಎರಡು ಉದುರಿ ಒಂದು ಬೆಳೆಯುತ್ತದೆ. ಹತ್ತಿಲ್ಲದಿದ್ದರೆ ಮೂರೂ ಹಾಗೇ ಅಂಟಿಕೊಂಡು ಸೊರಗುತ್ತವೆ. ದಿನಾ ಬೆಳಿಗ್ಗೆ ಅವಳು ಹೋಗಿ ನೋಡುವುದು, ಮೂರೂ ಇರುವುದು, ಹಲ್ಲು ಕಡಿಯುವುದು. ಹೋಳಿ ಹುಣ್ಣಿಮೆ ಹೋಯಿತು. ಭೀಮರಾಜ ಜೆಸಿಬಿಯವನಿಗೆ ಯುಗಾದಿ ಮರುದಿನಕ್ಕೆ ಬಾ ಎಂದು ಹೇಳಿ ಬಂದ. ಇಪ್ಪತ್ತೆರಡನೆಯ ದಿನ ಅವಳು ಗೊಂಚಲಿನ ಕೆಳಗೆ ಕೈಯೊಡ್ಡಿ ಎಳೆಯನ್ನು ತಟ್ಟಿದಾಗ ಅಂಗೈ ತುಂಬ ಪುಟ್ಟ ಪುಟ್ಟ ಕಣ್ಣುಗಳು ಉದುರಿದವು. ಮೇಲೆ ನೋಡಿದಳು. ಎಳೆಯ ಮೇಲೆ ಒಂದೊಂದೇ, ಹಸಿರಾಗಿ, ಕಡಲೆಕಾಳಿನಷ್ಟು ನಿಂತಿದ್ದವು. ಸೌಭಾಗ್ಯ ಸ್ಟೂಲಿನ ಮೇಲೆ ಕೂತುಬಿಟ್ಟಳು. ಯಾರಿಗೂ ಹೇಳಲಿಲ್ಲ. ಯುಗಾದಿಯ ದಿನ ಅವನೇ ಬಂದು ನೋಡಲಿ, ಆಗ ಇದ್ದದ್ದು ಇದ್ದಂತೆ ಮುಖಕ್ಕೆ ಹೇಳುತ್ತೇನೆ ಎಂದು ಒಂಬತ್ತು ದಿನ ಮಾತು ಜೋಡಿಸಿಕೊಂಡಳು.

ಯುಗಾದಿಯಂದು ಬೇವು ಬೆಲ್ಲ ತಿಂದು ಭೀಮರಾಜ ತೋಟಕ್ಕೆ ಬಂದ, ಹಿಂದೆ ಗಿಡ್ಡಮ್ಮ, ಚಹಾದಂಗಡಿಯ ಇಬ್ಬರು ಗೆಳೆಯರು ಬೇರೆ. ಜೆಸಿಬಿ ಯಾವ ಕಡೆಯಿಂದ ಒಳಗೆ ಬರಬೇಕೆಂದು ನೋಡಲು ಬಂದವರು. ಬಂದವರು ಗೊಂಚಲ ಕೆಳಗೆ ಬಾಯಿ ತೆರೆದು ನಿಂತರು. ಗೋಲಿಯಷ್ಟಾಗಿದ್ದ ಹಸಿರು ಕಾಯಿ ಒಂದು ಬಿಟ್ಟು ಉಳಿದ ಮೂವತ್ತು ಗಿಡದಲ್ಲಿ ಜೋತಾಡುತ್ತಿದ್ದವು.

"ಇವೇನ್ಲೇ ಇವು!" ಎಂದ ಭೀಮರಾಜ.

ಸೌಭಾಗ್ಯ ಬಾಯಿ ತೆರೆಯುವ ಮೊದಲೇ ಗಿಡ್ಡಮ್ಮ ಎರಡೂ ಕೈ ಎತ್ತಿ ಮುಗಿದು ಮೈಲಾರನ ಘೋಷ ಕೂಗಿದಳು. "ಏಳು ಕೋಟಿ ಏಳು ಕೋಟಿಗೋ! ನೋಡ್ಲೇ ಭೀಮ್ಯಾ! ಮೈಲಾರಲಿಂಗಾ, ಮೊದಲ ಹಿಂಗಾರ ನಿನ್ನ ತಲಿ ಮ್ಯಾಲ ಇಟ್ಟೀನಪ್ಪಾ, ಕಣ್ಣು ಬಿಡು ಅಂದಿದ್ದೆ. ಬಿಟ್ಟ ನೋಡು ನಮ್ಮಪ್ಪ!"

ಗೆಳೆಯರಿಬ್ಬರೂ ಚಪ್ಪಲಿ ಬಿಟ್ಟರು. ಭೀಮರಾಜನ ಕಣ್ಣಲ್ಲಿ ನೀರು ಬಂತು. "ಖರೇನ ಬೇ ಅವ್ವಾ. ನಾ ಸುಮ್ನ ನಕ್ಕೆ."

"ಏನು ಖರೇ ರೀ?" ಸೌಭಾಗ್ಯ ಅಡ್ಡ ಬಂದಳು. "ನಾ ಕೊಟ್ಟೂರು, ಹರಪನಹಳ್ಳಿ ದಾರಿ ಎಲ್ಲಾ ಅಲದು, ಹಳ್ಳದಾಗ ಮುಳ್ಳು ಚುಚ್ಚಿಸಿಕೊಂಡು ಹಿಟ್ಟು ತಂದು ಕಟ್ಟೀನಿ! ಎಪ್ಪತ್ತು ಗೊಂಚಲು! ನೀವs ನಿಂತು ನೋಡೀರಿ!"

"ಈಚಲ ಹಿಟ್ಟಿಗೆ ಖರ್ಜೂರ ಆಗೂದಾಗಿದ್ರ ಹಳ್ಳದಾಗೆಲ್ಲಾ ಖರ್ಜೂರ ಇರ್ತಿದ್ವು ಬಿಡು" ಎಂದು ಭೀಮರಾಜ ಪ್ರೀತಿಯಿಂದಲೇ ಹೇಳಿದ. ಗೆಳೆಯರು ಹೌದೌದು ಎಂದರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಅವಳ ಒಂಬತ್ತು ದಿನದ ಮಾತು. ಅವನು ಅಲ್ಲೇ ನಿಂತು ಫೋನು ಹಚ್ಚಿ ಜೆಸಿಬಿ ಬೇಡ ಎಂದ. ಪ್ರತಿ ವರ್ಷ ಮೊದಲ ಹಿಂಗಾರ ಮೈಲಾರಲಿಂಗನಿಗೇ ಎಂದು ಹರಕೆಯನ್ನೂ ಹೊತ್ತ. ಆಮೇಲೆ ಗೆಳೆಯರಿಗೆ ತೋಟ ತೋರಿಸಲು ಆ ಕಡೆಯ ಸಾಲಿಗೆ ಕರೆದುಕೊಂಡು ಹೋದ, ಯಾವತ್ತೂ ತಾನೇ ನೀರು ಬಿಟ್ಟವನಂತೆ.

ಸೌಭಾಗ್ಯ ಅತ್ತೆಯ ಕಡೆ ತಿರುಗಿದಳು.

"ನಿಮಗ ನಾ ಎಲ್ಲಾ ಹೇಳಿದ್ದೆ ಅತ್ತಿ. ಕೈಯಾಗಿನ ಮುಳ್ಳು ಕಿತ್ತವ್ರು ನೀವು. ನಿಮಗ ಗೊತ್ತಿದ್ದೂ ಹಂಗ ಅಂದ್ರಿ!"

ಗಿಡ್ಡಮ್ಮ ಮಗ ದೂರ ಹೋಗಿದ್ದನ್ನು ನೋಡಿಕೊಂಡು, ದನಿ ಇಳಿಸಿ ಹೇಳಿದಳು: "ಗೊತ್ತೈತಿ. ಹಿಂಗಾರ ಅಂತ ಕೊಯ್ದಿದ್ದು ನನ್ನ ಹುಚ್ಚು, ಅದೂ ಗೊತ್ತೈತಿ. ಆದ್ರ ಕೇಳಿಲ್ಲಿ. ಕಾಯಿ ನೀ ನಿಂದ್ರಿಸಿದಿ ಅಂದ್ರ, ಮುಂದಿನ ವರ್ಷ ನಾಕು ಕಾಯಿ ಕಮ್ಮಿ ಆದ್ರೂ ಅವ ಮತ್ತ ಜೆಸಿಬಿ ತರಸ್ತಾನ. ದೇವ್ರು ಕೊಟ್ಟ ಅಂದ್ರ ಈ ಗಿಡದ ಗರಿ ಮುಟ್ಟಾಕೂ ಅವನ ಕೈ ನಡಗತಾವ. ಅವರಪ್ಪನೂ ಹಿಂಗs ಇದ್ದ. ಆ ಬಾವಿ ಐತಲ್ಲ, ಅಲ್ಲೇ ತೋಡ್ರಿ ನೀರು ಬೀಳ್ತೈತಿ ಅಂತ ನಾ ಮೂರು ವರ್ಷ ಹೇಳಿದೆ, ಕೇಳಲಿಲ್ಲ. ಕನಸಿನ್ಯಾಗ ಮೈಲಾರಲಿಂಗ ಬಂದು ಹೇಳ್ಯಾನ ಅಂದೆ. ಮರುದಿನ ತೋಡಿದ."

ಸೌಭಾಗ್ಯ ಆ ಬಾವಿಯ ನೀರನ್ನೇ ಐದು ವರ್ಷದಿಂದ ಗಿಡಗಳಿಗೆ ಬಿಟ್ಟಿದ್ದಳು. ದೇವರು ತೋರಿಸಿದ ಬಾವಿ ಎಂದೇ ಊರೆಲ್ಲ ಅನ್ನುತ್ತಿತ್ತು, ಅವಳೂ ಅನ್ನುತ್ತಿದ್ದಳು.

"ನಿನಗ ಗೊತ್ತೈತಿ, ನನಗ ಗೊತ್ತೈತಿ. ಮುಂದಿನ ವರ್ಷ ಒಂದು ಗೊಂಚಲು ಗುಡಿಗೆ ಕೊಡು, ಆರು ಮೊದಲs ಇಳಿಸಿ ಇಟ್ಕೊ. ನಾ ನೋಡಲಿಲ್ಲ ಅಂತೀನಿ."

"ನಮ್ಮಿಬ್ಬರಿಗೆ ಗೊತ್ತಿದ್ರ ಸಾಲಂಗಿಲ್ಲ ಅತ್ತಿ" ಎಂದಳು ಸೌಭಾಗ್ಯ. ಅಳು ಬರುತ್ತಿತ್ತು, ಸಿಟ್ಟಿಗೆ.

ಗಿಡ್ಡಮ್ಮ ಬಾವಿಯ ಕಡೆ ನೋಡಿದಳು.

"ಸಾಲಂಗಿಲ್ಲ" ಎಂದಳು. "ನನಗೂ ಸಾಲಲಿಲ್ಲ."